ತೋರಿಸಿದ ಮಾದರಿಗೆ ಮಾತ್ರ ಅನ್ವಯ

ನಮ್ಮಪ್ಪ ಓರೆಸ್ಟ್ ಮಜುರಿಕ್ ಮೂವತ್ತೊಂದು ವರ್ಷ ಊರಿನವರ ಗೋಧಿಯನ್ನು ತಿರಸ್ಕರಿಸಿದ. ಮೂವತ್ತೆರಡನೆಯ ವರ್ಷ ಗೋಧಿ ಅವನನ್ನು ತಿರಸ್ಕರಿಸಿತು.

ಕಲೀನಾ ಎಂಬ ನಮ್ಮೂರಿನಲ್ಲಿ ಇರುವುದು ಆರುನೂರ ಹನ್ನೆರಡು ಜನ. ಮಿಕ್ಕಿದ್ದೆಲ್ಲ ಗೋಧಿ. ಸಸ್ಕಾಚೆವಾನ್ ಪ್ರಾಂತ್ಯದ ಆ ಬಯಲಿನಲ್ಲಿ ರೈಲು ಹಳಿಯ ಪಕ್ಕಕ್ಕೆ ಒಂದು ಮರದ ಕಣಜವಿತ್ತು. ಅಪ್ಪ ಅಲ್ಲಿನ ದರ್ಜೆಗಾರ. ರೈತರು ಲಾರಿ ತುಂಬಾ ಗೋಧಿ ತಂದು ನಿಂತರೆ ಅಪ್ಪ ಒಂದು ಬೊಗಸೆ ತೆಗೆದು ಕಪ್ಪು ತಟ್ಟೆಯ ಮೇಲೆ ಹರಡುತ್ತಿದ್ದ. ಚಿಮಟ ಹಿಡಿದು ಮುರುಟಿದ್ದು, ಮೊಳೆತದ್ದು, ಮಂಜು ಹೊಡೆದದ್ದು ಎಂದು ಕಾಳು ಕಾಳನ್ನೂ ಬೇರೆ ಮಾಡಿ, ಕೊನೆಗೆ ಹಳದಿ ಚೀಟಿಯ ಮೇಲೆ ದರ್ಜೆ ಬರೆದುಕೊಡುತ್ತಿದ್ದ. ಸಾವಿರ ಗೋಧಿಯ ನಡುವೆ ಒಂದು ಬಾರ್ಲಿ ಕಾಳು ಅಡಗಿ ಕೂತಿದ್ದರೂ ಅವನ ಕಣ್ಣಿಗೆ ಅದು ಮದುವೆ ಮನೆಯಲ್ಲಿ ಅಳುತ್ತ ಕೂತವರಂತೆ ಕಾಣಿಸುತ್ತಿತ್ತು. ಕೊನೆಯ ತೀರ್ಪಿನ ದಿನ ದೇವರಾದರೂ ಕ್ಷಮಿಸಿಯಾನು, ಓರೆಸ್ಟ್ ಕ್ಷಮಿಸುವುದಿಲ್ಲ ಎಂದು ಊರಿನಲ್ಲಿ ಮಾತಿತ್ತು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ನಿವೃತ್ತನಾದ ವರ್ಷವೇ ಅವನಿಗೆ ಹೊಟ್ಟೆನೋವು ಶುರುವಾಯಿತು. ನಗರದ ತಜ್ಞರು ಒಳಗೆಲ್ಲ ನೋಡಿ, ಇವನ ಕರುಳಿಗೆ ಗೋಧಿಯ ಜಿಗುಟು, ಅಂದರೆ ಗ್ಲುಟೆನ್, ಆಗುವುದಿಲ್ಲ, ಒಂದು ಚೂರು ರೊಟ್ಟಿ ಕೂಡ ಮುಟ್ಟಬಾರದು, ಜನ್ಮಪೂರ್ತಿ ಹೀಗೇ ಎಂದು ಬರೆದುಕೊಟ್ಟರು. ಅಮ್ಮ ಆ ಕಾಗದವನ್ನು ಮೂರು ಸಲ ಓದಿ, ಹಿಟ್ಟಿನ ಡಬ್ಬವನ್ನು ಹೊರಗಿಟ್ಟು, ಅದರ ಪಕ್ಕದಲ್ಲೇ ಕೂತು ಸ್ವಲ್ಪ ಹೊತ್ತು ಅತ್ತಳು.

ಊರಿಗೆ ಸುದ್ದಿ ಮುಟ್ಟಲು ಒಂದು ಬೆಳಗು ಸಾಕಾಯಿತು. ಸಹಕಾರಿ ಅಂಗಡಿಯ ಮೂಲೆಯಲ್ಲಿ ದಿನಾ ಬೆಳಿಗ್ಗೆ ಒಂಬತ್ತು ಜನ ಹಿರಿಯ ರೈತರು ಉದ್ದದ ಮೇಜಿನ ಸುತ್ತ ಕೂತು ಕಾಫಿ ಕುಡಿಯುತ್ತಾರೆ. ಇದಕ್ಕೆ ಕಾಫಿ ಸಾಲು ಎಂದು ಹೆಸರು. ಊರಿಗೊಂದು ಪುರಸಭೆ ಇದೆ, ಆದರೆ ತೀರ್ಮಾನಗಳು ಆಗುವುದು ಇಲ್ಲಿ. ಅಲ್ಲಿನ ಹಿರಿಯಾಳು ನೆಸ್ಟರ್. ಮೂವತ್ತೊಂದು ವರ್ಷವೂ ಅವನ ಗೋಧಿಗೆ ಅಪ್ಪ ಮೂರನೆಯ ದರ್ಜೆಗಿಂತ ಮೇಲೆ ಕೊಟ್ಟದ್ದಿಲ್ಲ. ಆದರೂ ಇಬ್ಬರೂ ಪಕ್ಕಪಕ್ಕದಲ್ಲೇ ಕೂರುತ್ತಾರೆ. ದೂರ ಕೂತರೆ ಜಗಳವಾಡಲು ಕೂಗಬೇಕಾಗುತ್ತದೆ.

"ನನ್ನ ಗೋಧಿ ಶಾಪ ಕಣೋ ಅದು," ಎಂದ ನೆಸ್ಟರ್. "ಮೂರನೇ ದರ್ಜೆ, ಮೂರನೇ ದರ್ಜೆ ಅಂತ ಗೀಚ್ತಿದ್ಯಲ್ಲ, ಅನುಭವಿಸು ಈಗ!"

"ಹುಚ್ಚಪ್ಪಾ," ಎಂದ ಅಪ್ಪ, ಬೆನ್ನು ನೆಟ್ಟಗೆ ಮಾಡಿಕೊಂಡು. "ನಿಮ್ಮ ಕರುಳೆಲ್ಲ ಛತ್ರದ ಬಾಗಿಲು. ಬಂದೋರನ್ನೆಲ್ಲ ಒಳಗೆ ಬಿಟ್ಕೊಳ್ಳುತ್ತೆ. ನನ್ನ ಕರುಳು ನಿಲ್ಲಿಸಿ ಪರೀಕ್ಷೆ ಮಾಡುತ್ತೆ. ದರ್ಜೆಗಾರನ ಕರುಳು ಅಂದ್ರೆ ಹೀಗಿರ್ಬೇಕು."

ಹೀಗೆ ನಮ್ಮ ಮನೆಯಲ್ಲಿ ರೋಗವೂ ಒಂದು ಪದವಿಯಾಯಿತು.

ತೊಡಕು ಬಂದದ್ದು ರಕ್ತದೊತ್ತಡದಿಂದ. ಅದನ್ನು ಹೇಳಬೇಕಾದರೆ ಔಷಧಿ ಅಂಗಡಿಯ ವಿಷಯ ಹೇಳಬೇಕು. ನಮ್ಮೂರಿಗೆ ಇರುವುದು ಒಂದೇ ಔಷಧಿ ಅಂಗಡಿ, ಇನ್ನೊಂದು ಬೇಕಾದರೆ ತೊಂಬತ್ತು ಕಿಲೋಮೀಟರ್ ಹೋಗಬೇಕು. ಅದನ್ನು ನಡೆಸುವವರು ನೆರ್ಮೀನ್ ಮೇಡಂ. ಹದಿನೆಂಟು ವರ್ಷದ ಹಿಂದೆ ಈಜಿಪ್ಟಿನಿಂದ ಬಂದು, ಮೊದಲ ಚಳಿಗಾಲದಲ್ಲೇ ಓಡಿಹೋಗುತ್ತಾರೆ ಎಂದು ಕಾಫಿ ಸಾಲು ಕಟ್ಟಿದ್ದ ಪಂದ್ಯವನ್ನು ಸೋಲಿಸಿದವರು. ನಾನು ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ಅವರ ಹತ್ತಿರ ಕೆಲಸಕ್ಕೆ ಸೇರಿದ್ದೆ. ನನಗೆ ಮಾತು ಕಡಿಮೆ ಎಂದು ಹಿಂದಿನ ಕೋಣೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟಿದ್ದರು. ಸೀಸೆಗಳು ಮರುಮಾತಾಡುವುದಿಲ್ಲ. ನಾವು ಚೆನ್ನಾಗಿ ಹೊಂದಿಕೊಂಡಿದ್ದೆವು.

ಅಕ್ಟೋಬರಿನ ಒಂದು ಸೋಮವಾರ ಅಪ್ಪ ಅಂಗಡಿಯ ಒತ್ತಡ ಅಳೆಯುವ ಕುರ್ಚಿಯಲ್ಲಿ ಕೂತ. ನೂರ ಎಂಬತ್ತೆರಡು ಬಂತು. ಅದನ್ನು ನೋಡಿ ಅವನಿಗೆ ಮೊದಲು ಹೆಮ್ಮೆಯೇ ಆಯಿತು. ಊರಿನಲ್ಲಿ ಅಷ್ಟು ಯಾರಿಗೂ ಬಂದಿರಲಿಲ್ಲ. ಮೇಡಂ ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದ ಬಿಳಿ ಮಾತ್ರೆಯ ಸೀಸೆಯನ್ನು ಅವನ ಮುಂದಿಟ್ಟರು.

"ಇದ್ರಲ್ಲಿ ಗೋಧಿ ಇದೆಯಾ?" ಎಂದ ಅಪ್ಪ.

"ಇರೋದು ತುಂಬಾ ಅಪರೂಪ, ಓರೆಸ್ಟ್. ಔಷಧಿ ಅನ್ನೋದು ಸಾಸಿವೆ ಕಾಳಿನಷ್ಟೂ ಇರಲ್ಲ. ಕೈಗೆ ಸಿಗೋ ಹಾಗಾಗ್ಲಿ ಅಂತ ಏನಾದ್ರೂ ಪಿಷ್ಟ ಸೇರಿಸ್ತಾರೆ. ಸಾಮಾನ್ಯವಾಗಿ ಮುಸುಕಿನ ಜೋಳದ್ದು."

"ಅಪರೂಪ ಅಂದ್ರೆ ಎಷ್ಟು? ಸಾವಿರಕ್ಕೊಂದು ಕಾಳಾ?"

"ತಯಾರಿಸೋರನ್ನೇ ಕೇಳಿ ಹೇಳ್ತೀನಿ."

"ಕೇಳಿ ಮೇಡಂ. ಅಲ್ಲೀವರೆಗೂ ಈ ಬಾಗಿಲು ತೆಗೆಯಲ್ಲ," ಎಂದು ಅಪ್ಪ ಬಾಯಿಗೆ ಬೆರಳಿಟ್ಟು ತೋರಿಸಿದ.

ಮೇಡಂ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಊರಿನ ನಾಯಿಗಳೂ ಸುಮ್ಮನಾಗುತ್ತವೆ. "ಶನಿವಾರದವರೆಗೆ ಕಾಯ್ತೀನಿ. ಅಷ್ಟರಲ್ಲಿ ನೀನು ಮಾತ್ರೆ ನುಂಗ್ದೇ ಇದ್ರೆ ಈ ಸಂಖ್ಯೆ ಇಟ್ಕೊಂಡು ನಿನ್ನನ್ನ ಇಲ್ಲಿ ಓಡಾಡೋಕೆ ಬಿಡಲ್ಲ. ಆಂಬುಲೆನ್ಸಿಗೆ ಫೋನ್ ಮಾಡೋಳು ನಾನೇ. ಮಿದುಳಲ್ಲಿ ನರ ಒಡೆದ್ರೆ ಅದಕ್ಕೆ ಯಾವ ದರ್ಜೆ ಕೊಡ್ತೀಯ?"

ಮೇಡಂ ನನ್ನ ಕಡೆ ತಿರುಗಿ ಫೋನು ಕೊಟ್ಟರು. "ಲೆಸ್ಯಾ, ಕೇಳು."

ಪ್ರಪಂಚದಲ್ಲಿ ನನಗೆ ಹಾವಿನ ಭಯವಿಲ್ಲ, ಹಿಮಗಾಳಿಯ ಭಯವಿಲ್ಲ. ಫೋನಿನದು ಬೇರೆ ಮಾತು. ಏನು ಹೇಳಬೇಕೆಂದು ದಿನಚರಿಯ ಪುಸ್ತಕದಲ್ಲಿ ಮೊದಲೇ ಬರೆದುಕೊಂಡೆ. "ನಮಸ್ಕಾರ, ನನ್ನ ಹೆಸರು ಲೆಸ್ಯಾ" ಎಂಬುದನ್ನೂ ಬರೆದುಕೊಂಡೆ, ಮರೆತರೆ ಕಷ್ಟ ಎಂದು. ಆ ಪುಟ ಇನ್ನೂ ಇದೆ. ಒಂದನೆಯ ಕರೆ: ಅವರು ಎತ್ತಿಕೊಂಡರು, ನಾನು ಇಟ್ಟುಬಿಟ್ಟೆ. ಎರಡನೆಯ ಕರೆ: ಹಾಗೇ. ಮೂರನೆಯ ಕರೆ: ಒಂದು ಒತ್ತಿ, ನಾಲ್ಕು ಒತ್ತಿ, ಕಾಯಿರಿ ಎಂದು ಪಿಟೀಲು ಮೂವತ್ತೈದು ನಿಮಿಷ. ನಾಲ್ಕನೆಯ ಕರೆ: ಪಶುವೈದ್ಯ ವಿಭಾಗ; ಒಬ್ಬರು ತುಂಬಾ ಒಳ್ಳೆಯವರು, ನಮ್ಮಪ್ಪನ ತೂಕ ಕೇಳಿ ಯಾವ ತಳಿ ಎಂದು ವಿಚಾರಿಸಿದರು. ಬುಧವಾರ ಏಳನೆಯ ಕರೆಗೆ ಪ್ರುಡೆನ್ಸ್ ಎಂಬ ಹೆಂಗಸು ಸಿಕ್ಕಳು. ಆಕೆ ನಿಧಾನವಾಗಿ, ಒಂದೊಂದೇ ಮಾತನ್ನು ತೂಗಿ ಹೇಳಿದಳು: "ನಮ್ಮ ಮಾತ್ರೆಗೆ ನಾವು ಗ್ಲುಟೆನ್ ಸೇರಿಸುವುದಿಲ್ಲ. ಆದರೆ ಗ್ಲುಟೆನ್ ಇಲ್ಲ ಎಂದು ಪ್ರಮಾಣಪತ್ರ ಕೊಡುವುದಿಲ್ಲ."

ನಾನು ಅದನ್ನು ಬರೆದುಕೊಂಡು, ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಓದಿ ಹೇಳಿ, ಎಲ್ಲವನ್ನೂ ಬರಹದಲ್ಲಿ ಕಳಿಸಿ ಎಂದು ಕೇಳಿದೆ. ಕೇಳಿದ ಮೇಲೆ ಹತ್ತು ನಿಮಿಷ ಸೀಸೆಗಳ ನಡುವೆ ಕೂತಿದ್ದೆ.

ಊಟಕ್ಕೆ ಕೂತಾಗ ಅಪ್ಪನಿಗೆ ಓದಿ ಹೇಳಿದೆ. ಅವನ ಮೀಸೆ ನೆಟ್ಟಗಾಯಿತು.

"ಸೇರ್ಸಲ್ಲ, ಆದ್ರೆ ಇಲ್ಲ ಅನ್ನಲ್ಲ! ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಗಂಡಸಾದ್ರೆ ಇದೆ ಅನ್ಲಿ, ಇಲ್ಲ ಅನ್ಲಿ!"

"ಅವಳು ಹೆಂಗಸು," ಎಂದಳು ಅಮ್ಮ.

"ಮೂವತ್ತೊಂದು ವರ್ಷ ನಾನು ಹೀಗೆ ಅಡ್ಡ ಮಾತಾಡಿದ್ದೀನಾ? ನೋಡ್ದೆ, ಬರ್ದೆ. ಅಷ್ಟೆ. ಅವರಿಗೆ ಪರೀಕ್ಷೆ ಮಾಡೋಕೆ ಬರದೇ ಇದ್ರೆ ನನಗೆ ಬರುತ್ತೆ."

"ಮಾತ್ರೆ ನುಂಗೋಕೆ ಪರೀಕ್ಷೆ ಯಾಕ್ರೀ?" ಎಂದಳು ಅಮ್ಮ. "ನೀರು ಸಾಕಲ್ಲ?"

ಆದರೆ ಅಪ್ಪ ಆಗಲೇ ಗ್ಯಾರೇಜಿನ ಕಡೆ ಹೊರಟಿದ್ದ.

ಗ್ಯಾರೇಜಿನ ಮೂಲೆಯಲ್ಲಿ ಅಮ್ಮನ ಹಳೆಯ ರಜಾಯಿ ಹೊದ್ದು ಕೂತಿದ್ದದ್ದು ಕಣಜದ ಪ್ರೋಟೀನ್ ಯಂತ್ರ. ಹೆದ್ದಾರಿಯಲ್ಲಿ ಹೊಸ ಉಕ್ಕಿನ ಕಣಜ ಬಂದು ಹಳೆಯದನ್ನು ಕೆಡವಿದಾಗ ಅಪ್ಪ ಅದನ್ನು ಕಸದಿಂದ ಎತ್ತಿ ಮನೆಗೆ ತಂದಿದ್ದ. ಹೊಲಿಗೆ ಯಂತ್ರದಷ್ಟು ದೊಡ್ಡದು. ಮೇಲಿನ ಬಾಯಿಗೆ ಒಂದು ಲೋಟ ಕಾಳು ಸುರಿದರೆ ಒಳಗೆ ಒಂದು ದೀಪ ಹತ್ತಿ, ಗುಂಯ್ ಎಂದು ಯೋಚಿಸಿ, ಅರ್ಧ ನಿಮಿಷಕ್ಕೆ ಗೋಧಿಯ ಪ್ರೋಟೀನ್ ಎಷ್ಟು, ತೇವ ಎಷ್ಟು ಎಂದು ಕಾಗದದ ಪಟ್ಟಿಯಲ್ಲಿ ಅಚ್ಚು ಹಾಕಿಕೊಡುತ್ತದೆ. ಗ್ಲುಟೆನ್ ಎಂದರೆ ಗೋಧಿಯ ಪ್ರೋಟೀನೇ ತಾನೆ? ಮಾತ್ರೆ ಹಾಕಿದರೆ ಗುಟ್ಟು ಹೊರಬಿತ್ತು. ಇದು ಅಪ್ಪನ ತರ್ಕ. ಇದರಲ್ಲಿ ತಪ್ಪು ಎಲ್ಲಿದೆಯೆಂದು ಆ ಹೊತ್ತಿನಲ್ಲಿ ನನಗೂ ಹೊಳೆಯಲಿಲ್ಲ.

ಅಡ್ಡಿಯಾದದ್ದು ಒಂದೇ. ಯಂತ್ರಕ್ಕೆ ಒಂದು ಲೋಟ ಬೇಕು. ಅಪ್ಪನ ಸೀಸೆಯಲ್ಲಿ ಇದ್ದದ್ದು ತೊಂಬತ್ತು ಮಾತ್ರೆ, ಲೋಟದ ತಳಕ್ಕೂ ಸಾಲದು.

ಗುರುವಾರ ಬೆಳಿಗ್ಗೆ ಅವನು ಕಾಫಿ ಸಾಲಿನಲ್ಲಿ ವಿಷಯ ಮಂಡಿಸಿದ. ನಾನು ಹಾಲು ತರಲು ಹೋದವಳು ಬಿಸ್ಕತ್ತಿನ ಕಪಾಟಿನ ಹಿಂದೆ ನಿಂತು ಕೇಳಿಸಿಕೊಂಡೆ.

"ನನ್ನದೂ ಅದೇ ಬಿಳಿ ಮಾತ್ರೆ," ಎಂದನೊಬ್ಬ.

"ನನ್ನದೂ."

ಎಣಿಸಿ ನೋಡಿದರೆ ಒಂಬತ್ತು ಜನರಲ್ಲಿ ಎಂಟು ಜನ ಅದೇ ಮಾತ್ರೆಯವರು. ಒಂಬತ್ತನೆಯವನಿಗೆ ಇನ್ನೂ ಅರವತ್ತೊಂದು. ಅವನು ಸಂಕೋಚದಿಂದ ತಲೆ ತಗ್ಗಿಸಿದ.

"ನಿನಗೂ ಕಾಲ ಬರುತ್ತೆ ಬಿಡು," ಎಂದು ನೆಸ್ಟರ್ ಸಮಾಧಾನ ಹೇಳಿದ. ಆಮೇಲೆ ಅಪ್ಪನ ಕಡೆ ತಿರುಗಿ, "ನನ್ನ ಸೀಸೆ ಕೊಡ್ತೀನಿ. ಒಂದು ಷರತ್ತು. ನನ್ನ ಮಾತ್ರೆಗೂ ಮೂರನೇ ದರ್ಜೆ ಅಂತ ಬರೆದ್ರೆ ನೋಡು!"

ಮಧ್ಯಾಹ್ನದ ಹೊತ್ತಿಗೆ ಎಂಟು ಸೀಸೆ ಗ್ಯಾರೇಜಿಗೆ ಬಂದವು. ಎಂಟು ಜನರೂ ಬಂದರು, ತಮ್ಮ ಕಾಳನ್ನು ಕಣ್ಣೆದುರೇ ಅಳೆಯಬೇಕೆಂಬುದು ರೈತನ ಹಕ್ಕು. ಅಪ್ಪ ಹಳೆಯ ಬಿಳಿ ಕೋಟು ತೊಟ್ಟು, ಒಂಬತ್ತನೆಯದಾಗಿ ತನ್ನ ಸೀಸೆಯನ್ನೂ ಸೇರಿಸಿ, ಲೋಟ ತುಂಬಿಸಿ, ಮಟ್ಟ ಮಾಡಿ, ಯಂತ್ರದ ಬಾಯಿಗೆ ಸುರಿದ. ಟಣಟಣ ಸದ್ದಾಯಿತು. ದೀಪ ಹತ್ತಿತು. ಗುಂಯ್. ಎಂಟು ಟೋಪಿಗಳು ಎದೆಗೆ ಬಂದವು. ಕಾಗದ ಹೊರಬಂತು.

ಗೋಧಿ. ಪ್ರೋಟೀನ್ 12.6. ತೇವ 9.8.

ಅಪ್ಪ ಪಟ್ಟಿಯನ್ನು ಬೆಳಕಿಗೆ ಹಿಡಿದು, "ಹೇಳ್ಲಿಲ್ವಾ ನಾನು?" ಎಂದ. ತನ್ನ ಔಷಧಿಯಲ್ಲಿ ವಿಷ ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿಲ್ಲ.

ಊರು ಗಾಬರಿಯಾಗುತ್ತದೆ ಎಂದು ನಾನು ಎಣಿಸಿದ್ದೆ. ನಮ್ಮೂರು ನನಗೇ ಇನ್ನೂ ತಿಳಿದಿರಲಿಲ್ಲ. ಊರು ಉಬ್ಬಿಹೋಯಿತು.

"ಹನ್ನೆರಡು ಪಾಯಿಂಟ್ ಆರು!" ಎಂದು ನೆಸ್ಟರ್ ಸಹಕಾರಿ ಅಂಗಡಿಯಲ್ಲಿ ಎದೆ ತಟ್ಟಿಕೊಂಡ. "ಹೋದ ಸುಗ್ಗೀಲಿ ನನ್ನ ಗೋಧಿ ಎಷ್ಟು ಬಂದಿತ್ತು? ಹನ್ನೆರಡು ಪಾಯಿಂಟ್ ಆರು! ಇನ್ನೇನ್ ಸಾಕ್ಷಿ ಬೇಕು? ಆ ಮಾತ್ರೇಲಿರೋದು ನನ್ನ ಗೋಧಿ ಕಣ್ರೋ. ನನ್ನ ಒತ್ತಡ ಇಳಿಸ್ತಿರೋದು ನನ್ನದೇ ಹೊಲ!"

ಶುಕ್ರವಾರ ಬೆಳಿಗ್ಗೆ ಔಷಧಿ ಅಂಗಡಿಯ ಮುಂದೆ ಸಾಲು ನಿಂತಿತು. ಅರ್ಧ ಜನ ಮಾತ್ರೆ ಹಿಂದಿರುಗಿಸಲು, ಅರ್ಧ ಜನ ನೆಸ್ಟರನ ಗೋಧಿಯ ಮಾತ್ರೆಯೇ ಬೇಕೆಂದು ಕೇಳಲು. ಒಬ್ಬಾಕೆ ತನ್ನ ಕೆಮ್ಮಿನ ಔಷಧಿಯಲ್ಲಿ ಯಾರ ಓಟ್ಸ್ ಇದೆ ಎಂದು ವಿಚಾರಿಸಿದಳು. ಮೇಡಂ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಮಾತ್ರೆ ನಿಲ್ಲಿಸ್ಬೇಡಿ. ಮಾತ್ರೆ ನಿಲ್ಲಿಸ್ಬೇಡಿ." ಕೊನೆಗೆ ಮೇಯರ್ ವರ್ನಾ ಬಂದಳು.

"ನೆರ್ಮೀನ್, ನಾನು ಸಂಭ್ರಮ ಹಂಚ್ಕೊಳ್ಳೋಕೆ ಬಂದೆ. ಊರ ಬಾಗಿಲಲ್ಲಿ ನಮ್ಮ ಸಿಮೆಂಟಿನ ಗೋಧಿ ತೆನೆ ಇದೆಯಲ್ಲ? ಅದರ ಪಕ್ಕದಲ್ಲಿ ಒಂದು ಸಿಮೆಂಟಿನ ಮಾತ್ರೆ ನಿಲ್ಲಿಸೋಣ ಅಂತ. ಆರಡಿ. ಬಿಳಿ ಬಣ್ಣ. 'ಕಲೀನಾ: ದೇಶದ ರಕ್ತ ಹತೋಟಿಯಲ್ಲಿಟ್ಟ ಊರು.' ಹೇಗಿದೆ?"

ಮೇಡಂ ಕನ್ನಡಕ ತೆಗೆದರು. "ಹದಿನೆಂಟು ವರ್ಷ ಈ ಊರಿಗೆ ಮಾತ್ರೆ ಕೊಟ್ಟಿದ್ದೀನಿ, ವರ್ನಾ. ಹಿಟ್ಟು ಮಾರಿಲ್ಲ. ನಾಳೆ ಆ ಯಂತ್ರನ ಸಮುದಾಯ ಭವನಕ್ಕೆ ತರೋಕೆ ಹೇಳು. ಎಲ್ಲರ ಮುಂದೆ ಮಾತಾಡೋಣ."

ಸಾಲು ಕರಗಿದ ಮೇಲೆ ಮೇಡಂ ಅಪ್ಪನನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದರು. ನೂರ ಎಂಬತ್ತೊಂಬತ್ತು. ಈ ಸಲ ಅಪ್ಪ ಹೆಮ್ಮೆಪಡಲಿಲ್ಲ. ತೋಳುಪಟ್ಟಿ ಬಿಚ್ಚಿಕೊಂಡು, ನನ್ನ ಮುಖ ನೋಡದೆ ಹೊರಟುಹೋದ.

ಆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಫ್ಯಾಕ್ಸ್ ಯಂತ್ರ ಒಂದು ಹಾಳೆ ಉಗುಳಿತು. ನಾನು ಇನ್ನೂ ನಾಲ್ಕು ಸಲ ಫೋನ್ ಮಾಡಿ ನೆನಪಿಸಿದ ಮೇಲೆ ಪ್ರುಡೆನ್ಸ್ ಕಳಿಸಿದ್ದಳು. ನಾನು ಅದನ್ನು ಓದಿ, ಮೇಡಂಗೆ ತೋರಿಸಿ, ಮಡಚಿ ದಿನಚರಿಯಲ್ಲಿ ಇಟ್ಟುಕೊಂಡೆ.

"ನಾಳೆ ಇದನ್ನ ನೀನೇ ಓದ್ಬೇಕು," ಎಂದರು ಮೇಡಂ.

"ನಾನಾ?"

"ಹನ್ನೊಂದು ಸಲ ಫೋನ್ ಮಾಡಿದೋಳು ಯಾರು?"

ಶನಿವಾರ ಸುಗ್ಗಿ ಊಟದ ತಯಾರಿ ನಡೆದಿತ್ತು. ವರ್ಷಕ್ಕೊಮ್ಮೆ ಊರಿಗೆ ಊರೇ ಕೂತು ಉಣ್ಣುವ ಆ ಊಟಕ್ಕೆ ಭವನದೊಳಗೆ ನಲವತ್ತು ಹೆಂಗಸರು ಎರಡು ಸಾವಿರ ಪೆರೋಗಿ ಮಾಡುತ್ತಿದ್ದರು. ಪೆರೋಗಿ ಎಂದರೆ ಒಳಗೆ ಆಲೂಗಡ್ಡೆ ತುಂಬಿದ ಗೋಧಿ ಹಿಟ್ಟಿನ ಕಡುಬು. ಬಾಗಿಲಿಂದ ಹಿಟ್ಟಿನ ಮೋಡವೇ ಹೊರಗೆ ಬರುತ್ತಿತ್ತು. ಅಪ್ಪ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬ್ಯಾಂಕಿಗೆ ಕನ್ನ ಹಾಕಲು ಬಂದವನಂತೆ ಅಂಗಳದಲ್ಲೇ ನಿಂತ. ಹಾಗಾಗಿ ಸಭೆಯೂ ಅಂಗಳದಲ್ಲೇ ಸೇರಿತು. ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ಮೆಟ್ಟಿಲ ಮೇಲೆ ನಿಂತರು. ಯಂತ್ರವನ್ನು ಮೇಜಿನ ಮೇಲೆ ಇಟ್ಟು ತಂತಿ ಎಳೆದರು.

"ಓರೆಸ್ಟ್," ಎಂದರು ಮೇಡಂ, "ಇದಕ್ಕೆ ಗೋಧಿ ಅಲ್ಲದೇ ಇರೋದನ್ನ ಯಾವತ್ತಾದ್ರೂ ಹಾಕಿದ್ದೀಯಾ?"

"ಗೋಧಿ ಯಂತ್ರಕ್ಕೆ ಬೇರೆ ಏನನ್ನ ಯಾಕೆ ಹಾಕ್ಲಿ?"

"ಮಾತ್ರೆ ಹಾಕಿದ್ಯಲ್ಲ."

ಜನ ಗುಜುಗುಜು ಎಂದರು. ಮೇಡಂ ಸುತ್ತ ನೋಡಿ, "ಗೋಧಿ ಅಲ್ಲ ಅಂತ ಇಡೀ ಊರು ಒಪ್ಪೋ ಅಂಥದ್ದು ಏನಾದ್ರೂ ತನ್ನಿ," ಎಂದರು. ಊರು ಯೋಚನೆಗೆ ಬಿತ್ತು. ನಮ್ಮೂರಿನಲ್ಲಿ ಅಂಥದ್ದನ್ನು ಹುಡುಕುವುದು ಸುಲಭವಲ್ಲ.

"ಬಿಂಗೊ ಬಿಲ್ಲೆ," ಎಂದೆ ನಾನು.

ಯಾರು ಮಾತಾಡಿದ್ದು ಎಂದು ಎಲ್ಲರೂ ತಿರುಗಿದರು. ನಾನೂ ತಿರುಗಿದೆ. ಆದರೆ ಮಾತು ಆಗಲೇ ಹೊರಬಿದ್ದಿತ್ತು. ಪ್ರತಿ ಮಂಗಳವಾರ ಭವನದಲ್ಲಿ ಆಡುವ ಬಿಂಗೊ ಆಟದ ಕೆಂಪು ಪ್ಲಾಸ್ಟಿಕ್ ಬಿಲ್ಲೆಗಳ ಡಬ್ಬವನ್ನು ವರ್ನಾ ತಂದಳು. ಅಪ್ಪ ಒಂದು ಲೋಟ ಅಳೆದ, ಮಟ್ಟ ಮಾಡಿದ, ಸುರಿದ. ದೀಪ. ಗುಂಯ್. ಪಟ್ಟಿ ಬಂತು. ಅಪ್ಪ ಅದನ್ನು ಓದಿ ಮಡಚಲು ಹೊರಟ. ಮೇಯರ್ ಅವನ ಕೈಯಿಂದ ಕಿತ್ತುಕೊಂಡು ಓದಿದಳು.

"ಗೋಧಿ. ಪ್ರೋಟೀನ್ ಹದಿಮೂರು ಪಾಯಿಂಟ್ ಒಂಬತ್ತು."

ಮೊದಲು ಸಿಡಿದವನು ನೆಸ್ಟರ್. "ಏನು? ನನ್ನ ಗೋಧಿಗಿಂತ ಬಿಂಗೊ ಬಿಲ್ಲೆ ಮೇಲಾ?"

"ಹೋದ ವರ್ಷದ ನಿನ್ನ ಬೆಳೆಗಿಂತ ರುಚಿನೂ ಇರ್ಬಹುದು," ಎಂದು ಮೆಟ್ಟಿಲಿನಿಂದ ಅವನ ಹೆಂಡತಿಯೇ ಕೂಗಿದಳು. ಅಂಗಳ ನಗೆಯಲ್ಲಿ ಮುಳುಗಿತು.

ಮೇಡಂ ನಗಲಿಲ್ಲ. ಯಂತ್ರದ ಬಾಯೊಳಗೆ ಬೆರಳು ಹಾಕಿ ಹೊರಗೆ ತೆಗೆದರು. ಬೆರಳು ಬೆಳ್ಳಗಾಗಿತ್ತು. "ಇದೇನು?"

"ಗೋಧಿ ಧೂಳು," ಎಂದ ಅಪ್ಪ. ಅಭ್ಯಾಸಬಲದಿಂದ ಧ್ವನಿಯಲ್ಲಿ ಹೆಮ್ಮೆ ಬಂತು. "ಮೂವತ್ತೊಂದು ವರ್ಷದ್ದು."

"ಮಾತ್ರೆನೆಲ್ಲ ಇದರೊಳಗೇ ಸುರಿದ್ಯಾ?"

"ಹೌದು."

"ಹಾಗಾದ್ರೆ ಕೇಳು. ಈ ಊರಲ್ಲಿ ಗೋಧಿ ಅಂಟಿರೋ ಮಾತ್ರೆ ಅಂತ ಯಾವುದಾದ್ರೂ ಇದ್ರೆ, ಅದು ಗೋಧಿ ಇದೆಯಾ ಅಂತ ನೀನು ಪರೀಕ್ಷೆ ಮಾಡಿದ ಒಂಬತ್ತು ಸೀಸೆ ಮಾತ್ರ!" ಅಲ್ಲಿಂದ ಅವರು ಕಾಫಿ ಸಾಲಿನ ಕಡೆ ತಿರುಗಿದರು. "ನಿಮ್ಮ ಎಂಟು ಸೀಸೆನೂ ಕಸಕ್ಕೆ. ಕಲೆಸಿದ ಮಾತ್ರೆ ಯಾರೂ ಮುಟ್ಟೋ ಹಾಗಿಲ್ಲ. ಹೊಸದು ಅಂಗಡೀಲಿಟ್ಟಿದ್ದೀನಿ, ಇವತ್ತೇ ತಗೊಂಡು ಹೋಗಿ."

ಈಗ ಯಾರೂ ನಗಲಿಲ್ಲ. ಯಾಕೆಂದರೆ ನೆಸ್ಟರ್ ಕೇಳಬಾರದ ಪ್ರಶ್ನೆ ಕೇಳಿಬಿಟ್ಟಿದ್ದ. "ಹಾಗಾದ್ರೆ ಓರೆಸ್ಟ್, ಬಿಲ್ಲೆಗೂ ಗೋಧಿಗೂ ವ್ಯತ್ಯಾಸ ಗೊತ್ತಿಲ್ಲದ ಈ ಪೆಟ್ಟಿಗೆ ಇಟ್ಕೊಂಡು ಮೂವತ್ತೊಂದು ವರ್ಷ ನಮಗೆ ದರ್ಜೆ ಹಾಕಿದ್ಯಾ ನೀನು?"

ಅಪ್ಪನ ಕರವಸ್ತ್ರ ಮೂಗಿನಿಂದ ಜಾರಿತು. ಅವನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು, ಕತ್ತಿನ ನರ ಮಾತ್ರ ದೂರಕ್ಕೂ ಕಾಣುವಂತೆ ಹೊಡೆದುಕೊಳ್ಳುತ್ತಿತ್ತು. ಅವನು ಯಂತ್ರವನ್ನು ನೋಡಿದ, ಪಟ್ಟಿಯನ್ನು ನೋಡಿದ, ನೆಸ್ಟರನನ್ನು ನೋಡಿದ. ಆಮೇಲೆ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ.

"ಇಲ್ಲ," ಎಂದ. "ಗೋಧಿ ಹೌದೋ ಅಲ್ವೋ ಅಂತ ಈ ಯಂತ್ರನ ನಾನು ಒಂದು ದಿನವೂ ಕೇಳಿಲ್ಲ. ಅದನ್ನ ನೋಡ್ತಿದ್ದದ್ದು ನನ್ನ ಕಣ್ಣು. ಕಣ್ಣು ಹೂಂ ಅಂದ್ಮೇಲೆ ಕಾಳು ಯಂತ್ರಕ್ಕೆ ಹೋಗ್ತಿತ್ತು. ದರ್ಜೆ ನನ್ನದು. ಪ್ರೋಟೀನ್ ಮಾತ್ರ ಅದರದು."

"ಮತ್ತೆ ಮಾತ್ರೆ ನೋಡಿದಾಗ ನಿನ್ನ ಕಣ್ಣು ಏನಂತು?" ಎಂದರು ಮೇಡಂ.

ಅಪ್ಪ ಯಂತ್ರದ ದೀಪ ಆರಿಸಿದ. "ಗೋಧಿ ಅಲ್ಲ ಅಂತು," ಎಂದ.

"ಸರಿ. ಕಣ್ಣಿಗೆ ಕಾಣದೇ ಇರೋದಕ್ಕೆ ಕಾಗದ ಬಂದಿದೆ. ಲೆಸ್ಯಾ, ಓದು."

ನಾನು ಮೇಜಿನ ಹತ್ತಿರ ಹೋದೆ. ಮಡಚಿದ ಹಾಳೆ ಬಿಚ್ಚಲು ಮೂರು ಸಲ ಬೇಕಾಯಿತು. ಚಳಿ ಇತ್ತು ಎಂದು ದಿನಚರಿಯಲ್ಲಿ ಬರೆದಿದ್ದೇನೆ. "ಈ ಬ್ಯಾಚಿನ ಮಾತ್ರೆಯಲ್ಲಿ ಗೋಧಿ, ಬಾರ್ಲಿ, ರೈ ಇವುಗಳಿಂದ ತೆಗೆದ ಯಾವ ಪದಾರ್ಥವೂ ಇಲ್ಲ. ಪಿಷ್ಟ ಮುಸುಕಿನ ಜೋಳದ್ದು. ಪಿಷ್ಟ ಕೊಡುವವರ ಲಿಖಿತ ಹೇಳಿಕೆ ನಮ್ಮಲ್ಲಿದೆ. ಸಿದ್ಧವಾದ ಮಾತ್ರೆಯನ್ನು ನಾವು ಗ್ಲುಟೆನ್‌ಗಾಗಿ ಪರೀಕ್ಷಿಸುವುದಿಲ್ಲವಾದ್ದರಿಂದ ಗ್ಲುಟೆನ್ ಇಲ್ಲವೆಂಬ ಪ್ರಮಾಣಪತ್ರ ಕೊಡಲಾಗದು."

"ನೋಡಿದ್ರಾ!" ಎಂದ ಅಪ್ಪ. "ಕೊನೆಗೆ ಬಾಲ ಅಲ್ಲಾಡಿಸಿದ್ಳು. ಕೊಡಲಾಗದಂತೆ! ಎದೆ ತಟ್ಟಿ ಇಲ್ಲ ಅನ್ನೋ ಧೈರ್ಯ ಇಲ್ಲ!"

ನನ್ನ ದಿನಚರಿಯಲ್ಲಿ ಪುಟ ಗುರುತಿಗೆಂದು ಒಂದು ಹಳದಿ ಚೀಟಿ ಇತ್ತು. ಅಪ್ಪ ಕೆಲಸದ ಕೊನೆಯ ದಿನ ಬರೆದ ಕೊನೆಯ ದರ್ಜೆ ಚೀಟಿ, ನಾನು ಕೇಳಿ ಇಸಿದುಕೊಂಡದ್ದು. ಅದನ್ನು ತೆಗೆದೆ. ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಅಚ್ಚಾಗಿದ್ದ ಸಾಲನ್ನು ಓದತೊಡಗಿದೆ. "ಈ ದರ್ಜೆಯು ತೋರಿಸಿದ ಮಾದರಿಗೆ..."

ಮುಂದೆ ಓದುವ ಅಗತ್ಯ ಬೀಳಲಿಲ್ಲ.

"...ಮಾತ್ರ ಅನ್ವಯ!" ಎಂದು ನೆಸ್ಟರ್ ಗುಡುಗಿದ. ಅವನ ಹಿಂದೆ ಕಾಫಿ ಸಾಲು ಸೇರಿತು, ಅದರ ಹಿಂದೆ ಅಂಗಳದ ರೈತರೆಲ್ಲ ಸೇರಿ, ಚರ್ಚಿನಲ್ಲಿ ಪ್ರಾರ್ಥನೆ ಹೇಳಿದಷ್ಟು ಸ್ಪಷ್ಟವಾಗಿ ಒಕ್ಕೊರಲಿನಿಂದ ಹೇಳಿದರು: "ಲಾರಿಯಲ್ಲಿ ಉಳಿದ ಕಾಳಿಗೆ ದರ್ಜೆಗಾರನು ಜವಾಬ್ದಾರನಲ್ಲ!"

ಮೂವತ್ತೊಂದು ವರ್ಷ ಅವರು ಅಪ್ಪನ ಕಿಟಕಿಯ ಮುಂದೆ ಕೂಗಾಡಿದಾಗಲೆಲ್ಲ ಅಪ್ಪ ಬೆರಳಿಟ್ಟು ತೋರಿಸಿದ್ದ ಸಾಲು ಅದು. ಊರಿನವರಿಗೆ ರಾಷ್ಟ್ರಗೀತೆ ಮರೆತರೂ ಅದು ಮರೆಯುವಂತಿಲ್ಲ.

ಅಪ್ಪ ಕೈ ಚಾಚಿ ನನ್ನಿಂದ ಎರಡೂ ಕಾಗದ ತೆಗೆದುಕೊಂಡ. ಒಮ್ಮೆ ಹಳದಿ ಚೀಟಿಯ ಅಡಿ ನೋಡಿದ, ಒಮ್ಮೆ ಫ್ಯಾಕ್ಸಿನ ಅಡಿ ನೋಡಿದ.

"ತಾನು ನೋಡಿದ್ದನ್ನ ನೋಡ್ದೆ ಅಂದಿದ್ದಾಳೆ," ಎಂದ ಮೆಲ್ಲಗೆ. "ನೋಡದೇ ಇದ್ದದ್ದನ್ನ ನೋಡಿಲ್ಲ ಅಂದಿದ್ದಾಳೆ." ಮತ್ತೆ ತಲೆಯೆತ್ತಿದಾಗ ಅವನ ಮೀಸೆ ನೆಟ್ಟಗಾಗಿತ್ತು. "ಇವಳು ಅಡ್ಡ ಮಾತಾಡ್ತಿಲ್ಲ ಕಣ್ರೋ. ಇವಳು ದರ್ಜೆಗಾರ್ತಿ! ನಮ್ಮೋಳು! ಎಷ್ಟು ಸಲ ಕೇಳಿದ್ಮೇಲೆ ಸಿಕ್ಕಿದ್ದು ಇದು?"

ನಾನು ದಿನಚರಿ ತೆರೆದು ಓದಿದೆ. ಹನ್ನೊಂದು ಕರೆ, ದಿನ, ಹೊತ್ತು, ಯಾರು ಎತ್ತಿಕೊಂಡರು, ಏನಂದರು. ಪಶುವೈದ್ಯ ವಿಭಾಗದ್ದನ್ನು ಬಿಡೋಣವೆಂದುಕೊಂಡೆ, ಆದರೆ ಬರೆದದ್ದನ್ನೆಲ್ಲ ಓದಬೇಕಲ್ಲ, ಓದಿದೆ. "ಯಾವ ತಳಿ ಅಂದ್ಯೇ?" ಎಂದು ಕೂಗಿದವನು ನೆಸ್ಟರ್. ಅಪ್ಪ ಮಾತ್ರ ನಗಲಿಲ್ಲ. ನಾನು ಒಂದೊಂದು ಸಾಲು ಓದಿದಾಗಲೂ ಚಿಮಟದಿಂದ ಕಾಳು ಎತ್ತಿ ನೋಡುವವನಂತೆ ಕಣ್ಣು ಕಿರಿದು ಮಾಡಿ, ತಲೆಯಾಡಿಸುತ್ತಿದ್ದ.

ಮೇಡಂ ಅದೇ ಬ್ಯಾಚಿನ ಹೊಸ ಸೀಸೆಯ ಮುದ್ರೆ ಒಡೆದು ಹಿಡಿದರು. ಅಮ್ಮ ಕೈಯಲ್ಲಿ ನೀರು ಹಿಡಿದು ಸೋಮವಾರದಿಂದಲೂ ನಿಂತಿದ್ದವಳಂತೆ ಮುಂದೆ ಬಂದಳು. ಅಪ್ಪ ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟು, ಬಿಸಿಲಿಗೆ ಹಿಡಿದು, ತಿರುಗಿಸಿ ಎರಡೂ ಬದಿ ನೋಡಿದ.

"ಬಾಗಿಲು ತೆಗೀರಪ್ಪಾ!" ಎಂದು ನೆಸ್ಟರ್ ಕೂಗಿದ.

ಅಪ್ಪ ನುಂಗಿದ. ನಲವತ್ತು ಹೆಂಗಸರು ಚಪ್ಪಾಳೆ ತಟ್ಟಿದರು. ಹಿಟ್ಟು ಮೋಡವಾಗಿ ಎದ್ದಿತು. ಅಪ್ಪ ಕರವಸ್ತ್ರ ಮೂಗಿಗೆ ಏರಿಸಿಕೊಂಡು ಅಂಗಳದ ತುದಿಯವರೆಗೂ ಓಡಿದ.

ಸಿಮೆಂಟಿನ ಮಾತ್ರೆಯ ಯೋಜನೆ ಕಾಫಿ ಸಾಲಿನಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಬಿದ್ದುಹೋಯಿತು. ಯಂತ್ರ ಈಗ ಭವನದಲ್ಲಿದೆ. ಮಂಗಳವಾರದ ಬಿಂಗೊದಲ್ಲಿ ಗೆದ್ದವರ ಬಿಲ್ಲೆಗಳ ಪ್ರೋಟೀನ್ ಎಷ್ಟೆಂದು ಹೇಳುತ್ತದೆ.

ನವೆಂಬರ್ ಮುಗಿಯುವ ಹೊತ್ತಿಗೆ ಅಂಗಡಿಯ ಕು‌ರ್ಚಿ ಅಪ್ಪನಿಗೆ ನೂರ ಮೂವತ್ನಾಲ್ಕು ಎಂದಿತು. ಅವನು ಅದನ್ನು ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ತೋರಿಸಿದ. ಆಮೇಲೆ ಕಿಸೆಯಿಂದ ಹಳೆಯ ಹಳದಿ ಚೀಟಿಗಳ ಕಟ್ಟು ತೆಗೆದು, ಅಂಗಡಿಯ ಕೌಂಟರಿನ ಮೇಲೆ ಬಗ್ಗಿ, ಮರೆಮಾಡಿಕೊಂಡು ಏನೋ ಬರೆದ. ಬರೆದು, ಹರಿದು, ನನ್ನ ದಿನಚರಿಯೊಳಗೆ ಸಿಕ್ಕಿಸಿ, ಟೋಪಿ ಹಾಕಿಕೊಂಡು ಹೊರಟುಹೋದ.

ತೆಗೆದು ನೋಡಿದೆ. ತಂದವರು ಎಂಬಲ್ಲಿ ಲೆಸ್ಯಾ ಮಜುರಿಕ್. ಸರಕು ಎಂಬಲ್ಲಿ ಹನ್ನೊಂದು ಕರೆ. ದರ್ಜೆ ಎಂಬಲ್ಲಿ ಒಂದು.

ಅಡಿಯಲ್ಲಿದ್ದ ಇರುವೆ ಅಕ್ಷರದ ಸಾಲನ್ನು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮಸಿಯಿಂದ ಉದ್ದಕ್ಕೂ ಹೊಡೆದುಹಾಕಿದ್ದ.